ಶೇಕಡಾ ಮೂರರ ಸಾಲು

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯಲ್ಲಿ ಮನೆಕಂದಾಯ ಕಟ್ಟಿದವರು ಪಂಚಾಯಿತಿ ರಸೀತಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಡುತ್ತಾರೆ. ಓದುವವರು ಕಡಿಮೆ. ಕಂದಾಯದ ಮೊತ್ತದ ಜೊತೆಗೆ ಅದರಲ್ಲಿ ಇನ್ನೂ ನಾಲ್ಕು ಕರಗಳ ಲೆಕ್ಕ ಇರುತ್ತದೆ. ಆರೋಗ್ಯ ಕರ ಶೇ. 15, ಶಿಕ್ಷಣ ಕರ ಶೇ. 10, ಗ್ರಂಥಾಲಯ ಕರ ಶೇ. 6. ಇನ್ನೊಂದು ಭಿಕ್ಷುಕರ ಕರ, ಶೇ. 3. ಸಾವಿರ ರೂಪಾಯಿ ಕಂದಾಯಕ್ಕೆ ಮೂವತ್ತು ರೂಪಾಯಿ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಪೇಟೆಯಲ್ಲಿ ಮನೆ ಇರುವವರೂ ಇದನ್ನು ಕಟ್ಟುತ್ತಾರೆ. ಮನೆ ಇರುವವನು ಮನೆ ಇಲ್ಲದವನ ಊಟಕ್ಕೆಂದು ತೆಗೆದಿಡುವ ಪಾಲು ಅದು.

ದಾನವಾಗಿದ್ದರೆ ಮನಸ್ಸಿದ್ದವರು ಕೊಡುತ್ತಿದ್ದರು, ಇಲ್ಲದವರು ಸುಮ್ಮನಿರುತ್ತಿದ್ದರು. ಕರವಾದ್ದರಿಂದ ಎಲ್ಲರೂ ಕೊಡಲೇಬೇಕು. ಹಸಿದವನಿಗೆ ಅನ್ನ ಹಾಕುವ ಹೊಣೆ ಊರಿನದೇ, ಧರ್ಮಿಷ್ಠರದೇ, ಸರ್ಕಾರದ್ದೇ ಎಂದು ಮೈಸೂರು ಸೀಮೆ ಸುಮಾರು ನೂರು ವರ್ಷ ತಡಕಾಡಿದೆ. ಆ ತಡಕಾಟ ಶುರುವಾದದ್ದು ಧಾತು ಸಂವತ್ಸರದ ಬರದಲ್ಲಿ.

ಧಾತು ಎಂದರೆ 1876ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ. ಅದರ ಹಿಂದಿನ ವರ್ಷವೇ ಮಳೆ ಕೈಕೊಟ್ಟಿತ್ತು. ಆದರೂ ರಾಗಿ ಬೆಳೆಯುವ ಸೀಮೆಯ ರೈತ ಒಂದು ವರ್ಷದ ಮಳೆಗೆ ಹೆದರುವವನಲ್ಲ. ಅವನ ಧೈರ್ಯವೆಲ್ಲ ಹಗೇವಿನಲ್ಲಿ ಇರುತ್ತಿತ್ತು. ನೆಲ ಅಗೆದು, ಬಾಯಿ ಕಿರಿದಾಗಿಸಿ, ಒಳಗೆ ಹುಲ್ಲು ಹಾಸಿ ರಾಗಿ ತುಂಬಿ ಮುಚ್ಚಿದರೆ ಹುಳು ಹಿಡಿಯದೆ ವರ್ಷಗಟ್ಟಲೆ ಇರುತ್ತದೆ. ಅಕ್ಕಿಗೆ ಆ ಗುಣವಿಲ್ಲ. 1876ರ ಮುಂಗಾರು ಸೋತಿತು, ಹಿಂಗಾರೂ ಸೋತಿತು. ಹಗೇವುಗಳ ತಳ ಕಂಡಿತು. ಮುಂದಿನ ಈಶ್ವರ ಸಂವತ್ಸರದಲ್ಲೂ ಮಳೆ ಸರಿಯಾಗಿ ಕೂಡಿಕೊಂಡದ್ದು 1877ರ ಸೆಪ್ಟೆಂಬರಿನ ಹೊತ್ತಿಗೆ.

ಹಾಸನ ಜಿಲ್ಲೆ ಒಂದೇ ಸಮನಾದ ನೆಲವಲ್ಲ. ಪಶ್ಚಿಮಕ್ಕೆ ಮಂಜರಾಬಾದಿನ ಮಲೆ, ಕಾಫಿ ತೋಟ. ಹೇಮಾವತಿಯ ದಡದಲ್ಲಿ ಶ್ರೀರಾಮದೇವರ ಕಟ್ಟೆಯ ನಾಲೆಗಳಿಂದ ನೀರುಣ್ಣುವ ಗದ್ದೆ. ಪೂರ್ವಕ್ಕೆ ಚನ್ನರಾಯಪಟ್ಟಣ, ಅರಸೀಕೆರೆಯ ಒಣ ಹೊಲ. ಬರ ಒಣ ಸೀಮೆಯನ್ನು ಮೊದಲು ಹಿಡಿಯಿತು. ನಾಲೆಯ ಮಗ್ಗುಲಲ್ಲಿದ್ದವರಿಗೂ ನೆಮ್ಮದಿ ಇರಲಿಲ್ಲ. ಧಾನ್ಯದ ಬೆಲೆ ಏರಿದಾಗ ಕೂಲಿಯವನಿಗೆ ಗದ್ದೆ ಎಷ್ಟು ಹತ್ತಿರವಿದ್ದರೇನು, ಕೊಳ್ಳಲು ಕಾಸಿಲ್ಲದ ಮೇಲೆ.

ಹೊರಗಿನಿಂದ ಧಾನ್ಯ ಬರಲಿಲ್ಲವೆ ಎಂದರೆ, ಬಂತು. ಮದರಾಸಿನ ಕಡೆಯಿಂದ ಬೆಂಗಳೂರು ದಂಡಿನವರೆಗೆ 1864ರಿಂದಲೇ ರೈಲು ಓಡುತ್ತಿತ್ತು. ಮೂಟೆಗಳು ಅಲ್ಲಿಗೆ ಬಂದು ಇಳಿದವು. ಅಲ್ಲಿಂದ ಹಾಸನಕ್ಕೆ ಎತ್ತಿನ ಗಾಡಿಯೇ ಗತಿ. ಗಾಡಿಗೆ ಏಳೆಂಟು ದಿನದ ದಾರಿ. ಮೇವಿಲ್ಲದೆ ಎತ್ತುಗಳು ಆಗಲೇ ಸಾಯುತ್ತಿದ್ದವು. ಬದುಕಿದ್ದ ಎತ್ತಿಗೂ ದಾರಿಯುದ್ದಕ್ಕೂ ಮೇವು ಹೊತ್ತೇ ಸಾಗಬೇಕು, ಹೊತ್ತಷ್ಟು ಧಾನ್ಯಕ್ಕೆ ಜಾಗ ಕಡಿಮೆ. ಬೆಂಗಳೂರಿನ ನಿಲ್ದಾಣದಲ್ಲಿ ಧಾನ್ಯ ಇದ್ದಾಗಲೂ ಒಳನಾಡಿನ ಹಳ್ಳಿಯಲ್ಲಿ ಒಲೆ ಹತ್ತದೇ ಇದ್ದುದರ ಹಿಂದೆ ಈ ಲೆಕ್ಕ ಇತ್ತು. ಧಾನ್ಯ ಜನರ ಬಳಿಗೆ ಬಾರದ ಮೇಲೆ ಜನರೇ ಧಾನ್ಯ ಇರುವಲ್ಲಿಗೆ ನಡೆದರು.

ಬೆಂಗಳೂರಿನಲ್ಲಿ ಆಗ ಪೇಟೆಗೂ ದಂಡಿಗೂ ಮುನ್ಸಿಪಾಲಿಟಿಗಳಿದ್ದವು. 1862ರಲ್ಲಿ ಹುಟ್ಟಿದ ಎಳೆಯ ಸಂಸ್ಥೆಗಳವು. ದೀಪ, ಚರಂಡಿ, ಕಸ ನೋಡಿಕೊಳ್ಳಲೆಂದು ಮಾಡಿದವು. ಊರ ಬಾಗಿಲಲ್ಲಿ ಸಾವಿರಾರು ಜನ ಬಂದು ಮಲಗಿದಾಗ ಅವರ ಊಟ ಚರಂಡಿಯ ಇಲಾಖೆಗೆ ಸೇರುತ್ತದೆಯೇ ಎಂದು ಯಾವ ಕಾಯ್ದೆಯೂ ಹೇಳಿರಲಿಲ್ಲ. ಮೊದಲು ಮುಂದೆ ಬಂದವರು ಖಾಸಗಿಯವರು. ದಂಡಿನ ವರ್ತಕ, ಶಾಲೆಗಳನ್ನು ಕಟ್ಟಿದ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್ ಬಡವರಿಗೆ ಅನ್ನ ಹಾಕಿಸಿದರು. ಆಮೇಲೆ ಸರ್ಕಾರದ ಗಂಜಿಮನೆಗಳು ತೆರೆದವು, ಬೆಂಗಳೂರಿನಲ್ಲಿ ಮಾತ್ರವಲ್ಲ, ಸಂಸ್ಥಾನದ ಉದ್ದಗಲಕ್ಕೂ.

ಗಂಜಿಮನೆ ಎಂದರೆ ಬೇಯಿಸಿದ ಅನ್ನ. ಅಲ್ಲಿಗೆ ಬಂದೇ ಉಣ್ಣಬೇಕು. ಇದರಲ್ಲಿ ಎರಡು ತೊಡಕಿದ್ದವು. ಊಟಕ್ಕಾಗಿ ಗಂಜಿಮನೆಯ ಸುತ್ತಲೇ ಬಿದ್ದಿರಬೇಕಾದವನು ಮಳೆ ಬಂದರೂ ಊರಿಗೆ ಹೋಗಿ ಹೊಲ ಹೂಡಲಾರ. ಒಬ್ಬರ ಪಕ್ಕದಲ್ಲಿ ಒಬ್ಬರು ಮಲಗಿದ ಶಿಬಿರದಲ್ಲಿ ವಾಂತಿಭೇದಿ ಹೊಕ್ಕರೆ ಬಿಡುವುದಿಲ್ಲ. ಜಾತಿಯ ಕಟ್ಟು ಬೇರೆ ಇತ್ತು. ಯಾರೋ ಬೇಯಿಸಿದ್ದನ್ನು ಎಲ್ಲರ ಎದುರು ಕೂತು ಉಣ್ಣುವುದಕ್ಕಿಂತ ಮನೆಯೊಳಗೆ ಬಾಗಿಲು ಹಾಕಿಕೊಂಡು ಮಲಗುವುದೇ ಮೇಲೆಂದು ಬಗೆದವರು, ಮುಖ್ಯವಾಗಿ ಹೆಂಗಸರು, ಕಡಿಮೆ ಇರಲಿಲ್ಲ. ಮಾನಕ್ಕೆ ಅಂಜಿ ಸತ್ತವರನ್ನು ಯಾವ ಗಂಜಿಮನೆಯ ಲೆಕ್ಕದ ಪುಸ್ತಕವೂ ಎಣಿಸಲಿಲ್ಲ.

ಮೇಲಿನವರ ಚಿಂತೆ ಬೇರೆಯೇ ಆಗಿತ್ತು. 1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ ವೈಸರಾಯ್ ಲಿಟ್ಟನ್, ಅದೇ ತಿಂಗಳು ರಿಚರ್ಡ್ ಟೆಂಪಲ್ ಅವರನ್ನು ದಕ್ಷಿಣಕ್ಕೆ ಅಟ್ಟಿದರು. ಖರ್ಚು ಹಿಡಿತದಲ್ಲಿರಬೇಕು ಎಂಬುದು ಅವರಿಗೆ ಕೊಟ್ಟ ಆದೇಶದ ಸಾರ. ಮದರಾಸು ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕ, ಜೊತೆಗೆ ಉಪ್ಪು-ಸೊಪ್ಪಿಗೆ ಪುಡಿಗಾಸು ಸಾಕೆಂದು ಟೆಂಪಲ್ ಗೊತ್ತುಮಾಡಿದರು. ಮೈಸೂರಿಗೂ ಅದೇ ಮಿತವ್ಯಯದ ಉಪದೇಶ ಬಂತು.

ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ಹೊಳೆನರಸೀಪುರದ ಅಡುಗೆಮನೆಯ ಲೆಕ್ಕದಲ್ಲಿ ಅಷ್ಟು ಹಿಟ್ಟಿಗೆ ಮೂರು ಮುದ್ದೆ ಆಗಬಹುದು. ಬೆಳಗಿನಿಂದ ಬೈಗಿನವರೆಗೆ ಕೆರೆಯ ಮಣ್ಣು ಹೊರುವ, ರಸ್ತೆಗೆ ಜಲ್ಲಿ ಒಡೆಯುವ ಆಳಿಗೆ ಇಡೀ ದಿನಕ್ಕೆ ಅಷ್ಟೇ. ಹುರುಳಿ, ಮಜ್ಜಿಗೆ ಯಾವುದೂ ಇಲ್ಲ. ಮನೆಯಲ್ಲಿ ನಡೆಯಲಾಗದ ಮುದುಕಿಯೋ ಕೂಸೋ ಇದ್ದರೆ ಆ ಮೂರು ಮುದ್ದೆಯನ್ನೇ ಮುರಿದು ಹಂಚಬೇಕು. ಮದರಾಸಿನ ಆರೋಗ್ಯ ಆಯುಕ್ತ ಡಾ. ಡಬ್ಲ್ಯು. ಆರ್. ಕಾರ್ನಿಷ್ ಇದನ್ನು ನೇರವಾಗಿ ವಿರೋಧಿಸಿದರು. ದುಡಿಯುವ ದೇಹ ಇಷ್ಟರಲ್ಲಿ ಉಳಿಯಲಾರದು ಎಂದು ಅಂಕಿಅಂಶ ಇಟ್ಟು ವಾದಿಸಿದರು. ಕೆಲ ತಿಂಗಳಲ್ಲಿ ಮದರಾಸು ಸರ್ಕಾರ ಆ ಕೂಲಿಯನ್ನು ಏರಿಸಬೇಕಾಯಿತು. ಆ ನಡುವಿನ ತಿಂಗಳುಗಳಲ್ಲಿ ಸೊರಗಿದ ದೇಹಗಳಿಗೆ ಏರಿಸಿದ ಕೂಲಿಯಿಂದ ಉಪಯೋಗವಾಗಲಿಲ್ಲ.

1877ರ ಆಗಸ್ಟಿನಲ್ಲಿ ಮದರಾಸಿನ ಸಾರ್ವಜನಿಕ ಸಭೆಯೊಂದು ಇಂಗ್ಲೆಂಡಿನ ಜನರಿಗೆ ನೇರವಾಗಿ ಮೊರೆಯಿಟ್ಟಿತು. ಲಂಡನ್ನಿನ ಮೇಯರರ ನಿವಾಸವಾದ ಮ್ಯಾನ್ಷನ್ ಹೌಸಿನಲ್ಲಿ ನಿಧಿ ಕೂಡಿತು. ಪತ್ರಕರ್ತ ವಿಲಿಯಂ ಡಿಗ್ಬಿ ಮದರಾಸಿನಲ್ಲಿ ಅದರ ಕಾರ್ಯದರ್ಶಿಯಾದರು. ಸರ್ಕಾರ ಜೀವ ಉಳಿಸುವುದಷ್ಟನ್ನೇ ತನ್ನ ಕೆಲಸವೆಂದು ಗೆರೆ ಎಳೆದುಕೊಂಡಿತ್ತು. ಈ ನಿಧಿ ಆ ಗೆರೆಯ ಆಚೆಗೆ ಹೋಯಿತು: ಬಟ್ಟೆ, ಬಿತ್ತನೆ ಬೀಜ, ಎತ್ತು, ಬಿದ್ದ ಮನೆಗೆ ಸೂರು. ಬದುಕಿ ಉಳಿದವನು ಮರಳಿ ರೈತನಾಗಬೇಕಾದರೆ ಗಂಜಿ ಸಾಲದು, ನೇಗಿಲಿಗೆ ಎತ್ತು ಬೇಕು ಎಂಬುದನ್ನು ದಾನಿಗಳು ಅಧಿಕಾರಿಗಳಿಗಿಂತ ಮೊದಲು ಅರಿತರು.

ಸೆಪ್ಟೆಂಬರಿನಲ್ಲಿ ಲಿಟ್ಟನ್ ಸ್ವತಃ ಮೈಸೂರು ಸೀಮೆಗೆ ಬಂದರು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು, ಮುಖ್ಯ ಕಮಿಷನರ್ ಆಗಿದ್ದವರು ಸಿ. ಬಿ. ಸಾಂಡರ್ಸ್. ಕ್ಷಾಮದ ಹೊಣೆಯನ್ನು ಉತ್ತರದಿಂದ ಬಂದ ಚಾರ್ಲ್ಸ್ ಎಲಿಯಟ್ ಕೈಗೂ, ಕಾಮಗಾರಿಗಳನ್ನು ಎಂಜಿನಿಯರ್ ಸ್ಕಾಟ್-ಮಾಂಕ್ರೀಫ್ ಕೈಗೂ ಕೊಡಲಾಯಿತು. ಮೈಗಟ್ಟಿ ಇದ್ದವರನ್ನು ಗಂಜಿಮನೆಯಿಂದ ಎಬ್ಬಿಸಿ ಕೆಲಸಕ್ಕೆ ಕಳಿಸಿದರು. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ಹೀಗೆ ಬರಗಾಲದ ಕೂಲಿಯಿಂದ ಶುರುವಾಯಿತು. 1881ರಲ್ಲಿ ಚನ್ನಪಟ್ಟಣ, ಮದ್ದೂರು, ಮಂಡ್ಯ ದಾಟಿ, 1882ರ ಫೆಬ್ರವರಿಯಲ್ಲಿ ರೈಲು ಮೈಸೂರು ಮುಟ್ಟಿತು. ಇಂದಿಗೂ ಆ ದಾರಿಯ ಏರಿಯ ಮೇಲೆ ಹೋಗುವಾಗ ಅದರ ಮಣ್ಣು ಯಾರ ಬುಟ್ಟಿಯಲ್ಲಿ ಬಂತೆಂದು ನೆನೆಯುವವರು ವಿರಳ. ಹೊಳೆನರಸೀಪುರ ಮತ್ತು ಹಾಸನಕ್ಕೆ ಮೈಸೂರು–ಅರಸೀಕೆರೆ ರೈಲು ಬರಲು ಇನ್ನೂ ಸುಮಾರು ನಲವತ್ತು ವರ್ಷ ಬೇಕಾಯಿತು.

ಸತ್ತವರೆಷ್ಟು? 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಜನರನ್ನು ಬಿಟ್ಟರೂ ಎಂಟು ಲಕ್ಷದ ಅರವತ್ತೊಂಬತ್ತು ಸಾವಿರ ಕಡಿಮೆ. ಹಾಸನ ಜಿಲ್ಲೆಯ ಎಣಿಕೆಯೂ ಕುಸಿದಿತ್ತು. ಹಸಿವಿನಿಂದ ಸತ್ತವರೆಷ್ಟು, ಕಾಲರಾ-ಜ್ವರದಿಂದ ಎಷ್ಟು, ಊರು ಬಿಟ್ಟವರೆಷ್ಟು ಎಂಬ ವಿಂಗಡಣೆಯಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕಾರಣದ ಬಗ್ಗೆಯೂ ಜಗಳ ಹಳೆಯದು. ಮಳೆಯೇ ಕಾರಣವೆಂದು ಅಂದಿನ ಅಧಿಕಾರಿಗಳು, ಕಂದಾಯ ಮತ್ತು ನೀತಿಯೇ ಕಾರಣವೆಂದು ಡಿಗ್ಬಿ, ರೊಮೇಶ್ ಚಂದ್ರ ದತ್ತ. ಎಲ್ ನಿನೊ ತಂದ ಬರವನ್ನು ಸಾಮ್ರಾಜ್ಯದ ಅರ್ಥನೀತಿ ಹತ್ಯಾಕಾಂಡ ಮಾಡಿತೆಂದು 2001ರ ತಮ್ಮ ಪುಸ್ತಕದಲ್ಲಿ ಮೈಕ್ ಡೇವಿಸ್ ವಾದಿಸಿದರು. ಅದಕ್ಕೂ ಮೊದಲೇ, 1981ರಲ್ಲಿ, ಅಮರ್ತ್ಯ ಸೇನ್ ಧಾನ್ಯದ ಕೊರತೆಗಿಂತ ಅದನ್ನು ಪಡೆಯುವ ಶಕ್ತಿಯ ಕೊರತೆ ದೊಡ್ಡದೆಂದು ತೋರಿಸಿದ್ದರು. ಬೆಂಗಳೂರಿನ ನಿಲ್ದಾಣದ ಮೂಟೆಗಳನ್ನೂ ಚನ್ನರಾಯಪಟ್ಟಣದ ಒಣ ಹೊಲಗಳನ್ನೂ ಒಟ್ಟಿಗೆ ನೋಡಿದವರಿಗೆ ಸೇನ್ ಮಾತು ಹೆಚ್ಚು ನಿಜವೆನಿಸುತ್ತದೆ.

ಬೊಕ್ಕಸವೂ ಬರಿದಾಯಿತು. ಕೂಡಿಟ್ಟಿದ್ದ 63 ಲಕ್ಷ ರೂಪಾಯಿ ಕರಗಿ, ಭಾರತ ಸರ್ಕಾರದ 80 ಲಕ್ಷ ಸಾಲ ಮೇಲೆ ಬಿತ್ತು. 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಬಂದಾಗ ಜೊತೆಯಲ್ಲಿ ಬಂದ ಬಳುವಳಿ ಆ ಸಾಲ. ದಿವಾನರಾದ ರಂಗಾಚಾರ್ಲು ಕ್ಷಾಮವನ್ನು ಕಾಗದದ ಮೇಲೂ ಬಲ್ಲವರು. ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗದಲ್ಲಿ ಅವರು ಸದಸ್ಯರು, ಎಲಿಯಟ್ ಕಾರ್ಯದರ್ಶಿ. 1880ರಲ್ಲಿ ಆ ಆಯೋಗ ಕೊಟ್ಟ ವರದಿಯಿಂದ ಕ್ಷಾಮ ಸಂಹಿತೆಗಳು ಹುಟ್ಟಿದವು. ಪರಿಹಾರ ಕೊಡುವುದು ಸರ್ಕಾರದ ಕರ್ತವ್ಯ ಎಂಬ ಮಾತು ಮೊದಲ ಬಾರಿಗೆ ನಿಯಮವಾಗಿ ಕೂತಿತು. ಆದರೆ ಆ ನಿಯಮ ಬಡವರನ್ನು ವಿಂಗಡಿಸಿತು. ಮೈಗಟ್ಟಿಯವರು ಕಾಮಗಾರಿಗೆ, ಊರಲ್ಲೇ ಇರುವ ಅಶಕ್ತರಿಗೆ ಪಟೇಲ-ಶಾನುಭೋಗರ ಮೂಲಕ ಊರಿನಲ್ಲೇ ನೆರವು, ಊರಿಲ್ಲದೆ ಅಲೆಯುವವರು ಬಡವರ ಮನೆಗೆ. ಕಾವಲಿರುವ ಮನೆ ಅದು. ಊಟದ ಜೊತೆಗೆ ಬೀಗವೂ ಬಂದದ್ದು ಇಲ್ಲಿಂದ.

ಇಂಗ್ಲೆಂಡಿನಲ್ಲಿ ಇದು ಮೊದಲೇ ನಡೆದಿತ್ತು. 1834ರ ಬಡವರ ಕಾಯ್ದೆಯ ಪ್ರಕಾರ ಒಂದೊಂದು ಸೀಮೆಗೂ ಪಾಲಕರ ಮಂಡಳಿ, ಮನೆತೆರಿಗೆಯಿಂದ ಹಣ, ನೆರವು ಬೇಡಿದವನಿಗೆ ದುಡಿಮೆಮನೆ. ಒಳಗಿನ ಬದುಕು ಹೊರಗಿನ ಅತಿ ಬಡ ಕೂಲಿಕಾರನ ಬದುಕಿಗಿಂತ ಕೀಳಾಗಿರಬೇಕು ಎಂಬುದು ಅದರ ಸೂತ್ರ.

ಮೈಸೂರಿನಲ್ಲಿ ಬೇಡಿ ಉಣ್ಣುವುದಕ್ಕೆ ಆಗ ಇನ್ನೊಂದು ಮುಖವಿತ್ತು. ಜೋಳಿಗೆ ಹಿಡಿದ ಜಂಗಮ, ಗೋಪಾಳ ಬುಟ್ಟಿಯ ದಾಸಯ್ಯ, ಸುಗ್ಗಿಯ ಕಣದಲ್ಲಿ ಮೊರ ಹಿಡಿದು ನಿಂತವರು. ಇವರಿಗೆ ಕೊಡದೆ ರಾಶಿ ಎತ್ತುತ್ತಿರಲಿಲ್ಲ. ವಾರಾನ್ನದ ಹುಡುಗರೂ ಇದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆಯಲ್ಲಿ ಉಂಡು ಓದಿ ಹೆಸರು ಮಾಡಿದವರು ಹಳೇ ಮೈಸೂರಿನ ಎಷ್ಟೋ ಮನೆತನಗಳಲ್ಲಿ ಇದ್ದಾರೆ. ಬೇಡುವುದು ಅಪರಾಧವಾಗುವ ಮೊದಲು ಅದು ಒಂದು ಬಳಕೆಯಾಗಿತ್ತು.

ಅಪರಾಧವಾದದ್ದು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಯ ಅಕ್ಕಿ ನಿಂತಿತು. ಪಟ್ಟಣಗಳಿಗೆ ಪಡಿತರ ಬಂತು. ಸೈನ್ಯದ ನೆಲೆಯಾಗಿದ್ದ ಬೆಂಗಳೂರು ದಿನೇ ದಿನೇ ತುಂಬಿತು. ಬಂಗಾಳದ ಕ್ಷಾಮದ ವರ್ಷವಾದ 1943ರಲ್ಲೇ ಆ ಪ್ರಾಂತ್ಯದಲ್ಲಿ ಅಲೆಮಾರಿಗಳ ಕಾಯ್ದೆ ಬಂತು. ಮರುವರ್ಷ, ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಮಾಧವರಾಯರು ದಿವಾನರಾಗಿದ್ದಾಗ, ಮೈಸೂರು ಭಿಕ್ಷಾಟನೆ ನಿಷೇಧ ಕಾಯ್ದೆ ಹುಟ್ಟಿತು. ಬೊಂಬಾಯಿಯೂ ಆ ವರ್ಷಗಳಲ್ಲೇ ಇಂಥ ಕಾಯ್ದೆ ತಂದಿತು. ಹಸಿವು ಹೆಚ್ಚಿದ ಹೊತ್ತಿನಲ್ಲೇ ಕೈಚಾಚುವುದು ತಪ್ಪು ಎಂದು ಇಷ್ಟು ಸರ್ಕಾರಗಳಿಗೆ ಒಟ್ಟಿಗೆ ತೋಚಿತು.

1948ರಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಭಿಕ್ಷುಕರ ಕಾಲೊನಿ ನೆಲೆಯಾಯಿತು. ಅದೇ 1948ರಲ್ಲಿ ಇಂಗ್ಲೆಂಡು ರಾಷ್ಟ್ರೀಯ ನೆರವಿನ ಕಾಯ್ದೆ ತಂದು ತನ್ನ ಬಡವರ ಕಾಯ್ದೆಯನ್ನು ಸಂಪೂರ್ಣವಾಗಿ ರದ್ದು ಮಾಡಿತು. ಅಲ್ಲಿ ದುಡಿಮೆಮನೆಯ ಕಾಲ ಮುಗಿಯುವಾಗ ಇಲ್ಲಿ ಅದರ ತಮ್ಮ ಹುಟ್ಟಿದ.

ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1975ರಲ್ಲಿ, ಇಡೀ ರಾಜ್ಯಕ್ಕೆ ಅನ್ವಯಿಸುವ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಬಂತು. ಪಂಚಾಯಿತಿ ರಸೀತಿಯ ಶೇ. 3ಕ್ಕೆ ಆಧಾರ ಇದೇ ಕಾಯ್ದೆ. ಕೇಂದ್ರ ಪರಿಹಾರ ಸಮಿತಿ ಎಂಬ ಮಂಡಳಿ, ಅದಕ್ಕೊಂದು ನಿಧಿ, ನಿಧಿಗೆ ಎಲ್ಲ ಸ್ಥಳೀಯ ಸಂಸ್ಥೆಗಳು ಸಂಗ್ರಹಿಸಿ ಕಟ್ಟಬೇಕಾದ ಕರ. ಸಮಿತಿಯ ಕೆಲಸ ಊಟ, ಬಟ್ಟೆ, ವೈದ್ಯೋಪಚಾರ, ಕಸುಬಿನ ಕಲಿಕೆ. ಓದುವಾಗ ಒಳ್ಳೆಯ ಮನಸ್ಸಿನ ಕಾಯ್ದೆ ಎಂದೇ ಅನಿಸುತ್ತದೆ. ಭಿಕ್ಷುಕ ಎಂಬ ಪದದ ವ್ಯಾಖ್ಯೆಯಿಂದ ಪರವಾನಗಿ ಪಡೆದ ಧಾರ್ಮಿಕ ಭಿಕ್ಷುಗಳನ್ನು, ಹರಕೆ ತೀರಿಸಲು ಬೇಡುವವರನ್ನು, ಓದಿಗಾಗಿ ಭಿಕ್ಷೆ ಎತ್ತುವ ವಿದ್ಯಾರ್ಥಿಯನ್ನು ಅದು ಹೊರಗಿಟ್ಟಿತು. ಕರಡು ಬರೆದವರ ಕಣ್ಣ ಮುಂದೆ ವಾರಾನ್ನದ ಹುಡುಗ ಇನ್ನೂ ಇದ್ದ ಎಂದುಕೊಳ್ಳಬಹುದು. ಆದರೆ ಹಾಡಿಯೋ ಕುಣಿದೋ ಕಣಿ ಹೇಳಿಯೋ ಕಾಸು ಕೇಳಿದವನು ಭಿಕ್ಷುಕ. ಜೀವನೋಪಾಯ ಕಾಣದೆ ಸಾರ್ವಜನಿಕ ಸ್ಥಳದಲ್ಲಿ ಅಲೆಯುವವನೂ ಭಿಕ್ಷುಕ. ಹಿಡಿದು ತಂದವನನ್ನು ಒಂದರಿಂದ ಮೂರು ವರ್ಷ ಕೇಂದ್ರದಲ್ಲಿ ಇಡಬಹುದು. ಬಡತನಕ್ಕೆ ಅಷ್ಟು ವರ್ಷದ ಬಂಧನ.

ಕಾಲೊನಿಗೆ ನಿರಾಶ್ರಿತರ ಪರಿಹಾರ ಕೇಂದ್ರ ಎಂಬ ಮೆದು ಹೆಸರು ಬಂತು. 2010ರ ಆಗಸ್ಟ್ ಮಧ್ಯದಲ್ಲಿ ಮಾಗಡಿ ರಸ್ತೆಯ ಆ ಕೇಂದ್ರದಿಂದ ಕೆಲವೇ ದಿನಗಳಲ್ಲಿ ಸಾಲು ಸಾಲಾಗಿ ಹೆಣಗಳು ಹೊರಬಂದವು. ಕೆದಕಿದಾಗ ತಿಳಿದದ್ದು ಇನ್ನೂ ಭಯಂಕರ: ಆ ವರ್ಷದ ಜನವರಿಯಿಂದ ಅಲ್ಲಿ ಸತ್ತವರು 280ಕ್ಕೂ ಹೆಚ್ಚು ಎಂದು ವರದಿಗಳು ಹೇಳಿದವು. ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು, ಎರಡು ಸಾವಿರಕ್ಕೂ ಮೇಲ್ಪಟ್ಟು ಜನರನ್ನು ಅಲ್ಲಿ ತುಂಬಲಾಗಿತ್ತು. ವಾಂತಿಭೇದಿ, ಅಪೌಷ್ಟಿಕತೆ, ಸಾಲದ ವೈದ್ಯರು. ಭಿಕ್ಷುಕರೇ ಅಲ್ಲದ ಕೂಲಿಕಾರರನ್ನೂ ಹಿಡಿದು ವಾಹನಕ್ಕೆ ತುಂಬಿದ್ದರೆಂಬ ದೂರುಗಳೂ ಬಂದವು. 1877ರ ಗಂಜಿಮನೆ ಶಿಬಿರದಲ್ಲಿ ಜನರನ್ನು ಕೊಂದದ್ದೂ ಇದೇ ಜನದಟ್ಟಣೆ, ಇದೇ ರೋಗ. ಆದರೆ 1877ರಲ್ಲಿ ನಾಡಿನಲ್ಲಿ ಬರವಿತ್ತು. 2010ರ ಬೆಂಗಳೂರಿನಲ್ಲಿ ಬರವಿರಲಿಲ್ಲ. ಕರ ಸಂಗ್ರಹವಾಗುತ್ತಲೇ ಇತ್ತು.

ಸಂಗ್ರಹವಾದದ್ದು ಪೂರ್ತಿ ತಲುಪುತ್ತಿರಲಿಲ್ಲ ಎಂಬುದು ಈ ಕಥೆಯ ನೋವಿನ ಭಾಗ. ಮನೆಯವರಿಂದ ಶೇ. 3 ವಸೂಲಿ ಮಾಡಿದ ಸ್ಥಳೀಯ ಸಂಸ್ಥೆಗಳು, ಅದರಲ್ಲೂ ಬೆಂಗಳೂರಿನ ಮಹಾನಗರ ಪಾಲಿಕೆ, ಅದನ್ನು ಪರಿಹಾರ ನಿಧಿಗೆ ಕಟ್ಟದೆ ಬಾಕಿ ಉಳಿಸಿಕೊಂಡ ವಿಷಯ ಮತ್ತೆ ಮತ್ತೆ ಸುದ್ದಿಯಾಗಿದೆ. ಕಷ್ಟಪಟ್ಟು ಕಂದಾಯ ಕಟ್ಟಿದವನು ಬಡವನ ತಟ್ಟೆಗೆಂದು ಕೊಟ್ಟ ಹಣ ಬೇರೆ ಖರ್ಚಿನಲ್ಲಿ ಸೇರಿಹೋಗುವುದು ಲೆಕ್ಕದ ತಪ್ಪಷ್ಟೇ ಅಲ್ಲ, ನಂಬಿಕೆಯ ದ್ರೋಹ. ಮುನ್ಸಿಪಾಲಿಟಿಗೆ ಈ ವಿಷಯದಲ್ಲಿ ನೆಪವಿಲ್ಲ. ಹೊಳೆನರಸೀಪುರದಂಥ ಊರುಗಳ ಪುರಸಭೆಗಳನ್ನು ಆಳುವ 1964ರ ಕಾಯ್ದೆಯೇ ಅಭಾವದ ಕಾಲದಲ್ಲಿ ತನ್ನ ಎಲ್ಲೆಯೊಳಗಿನ ನಿರ್ಗತಿಕರಿಗೆ ನೆರವು ಕೊಡುವುದನ್ನು ಕರ್ತವ್ಯವೆಂದು ಹೇಳುತ್ತದೆ. 1876ರಲ್ಲಿ ಇಲ್ಲದ ವಾಕ್ಯ ಈಗ ಇದೆ.

2010ರ ತರುವಾಯ ವಿಚಾರಣೆಗಳಾದವು, ಹೈಕೋರ್ಟಿನಲ್ಲಿ ಅರ್ಜಿಗಳು ನಡೆದವು, ಒಳಗಿನ ಜನರ ಸಂಖ್ಯೆ ಇಳಿಯಿತು. 2018ರ ಆಗಸ್ಟ್ 8ರಂದು ದೆಹಲಿ ಹೈಕೋರ್ಟ್, ಆ ನಗರಕ್ಕೆ ಅನ್ವಯಿಸಿದ್ದ ಬೊಂಬಾಯಿ ಭಿಕ್ಷಾಟನೆ ಕಾಯ್ದೆಯ ಶಿಕ್ಷೆಯ ಕಲಮುಗಳನ್ನು ಹೊಡೆದುಹಾಕಿತು. 2021ರಲ್ಲಿ ಸುಪ್ರೀಂ ಕೋರ್ಟ್ ಬೀದಿಯ ಭಿಕ್ಷುಕರನ್ನು ತೆರವು ಮಾಡಿಸಬೇಕೆಂಬ ಕೋರಿಕೆಗೆ ಒಪ್ಪಲಿಲ್ಲ, ಬೇರೆ ದಾರಿಯಿದ್ದರೆ ಯಾರೂ ಬೇಡುವುದಿಲ್ಲ ಎಂಬ ನಿಲುವು ತಳೆಯಿತು. ಆ ತೀರ್ಪುಗಳ ನಂತರವೂ ಕರ್ನಾಟಕದ 1975ರ ಕಾಯ್ದೆ ಪುಸ್ತಕದಲ್ಲಿ ಉಳಿಯಿತು.

ಈ ನಡುವೆ 2017ರ ಆಗಸ್ಟ್ 16ರಂದು, ಕಾಲೊನಿಯ ಸಾವುಗಳು ಸುದ್ದಿಯಾಗಿ ಏಳು ವರ್ಷ ತುಂಬಿದ ವಾರದಲ್ಲೇ, ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾಯಿತು. ಕೆಲಸ ನಡೆಸಿದ್ದು ಅದೇ ಮಹಾನಗರ ಪಾಲಿಕೆ. ತಿಂಡಿ ಐದು ರೂಪಾಯಿ, ಊಟ ಹತ್ತು ರೂಪಾಯಿ. ಆಮೇಲೆ ಜಿಲ್ಲೆಗಳ ಪಟ್ಟಣಗಳಿಗೂ ಬಂತು. ಬೆಳಿಗ್ಗೆ ಕೌಂಟರಿನ ಮುಂದೆ ಆಟೊದವರು, ಗಾರೆ ಕೆಲಸದವರು, ಆಸ್ಪತ್ರೆಗೆ ಹಳ್ಳಿಯಿಂದ ಬಂದ ಮುದುಕರು ಸಾಲು ನಿಲ್ಲುತ್ತಾರೆ. ಐದು ರೂಪಾಯಿ ಕೊಟ್ಟರೆ ಟೋಕನ್ ಬರುತ್ತದೆ, ಟೋಕನ್ ಕೊಟ್ಟರೆ ಇಡ್ಲಿಯ ತಟ್ಟೆ. ಯಾವ ಊರು, ಯಾವ ಜಾತಿ, ದುಡಿಯುತ್ತೀಯೋ ಬೇಡುತ್ತೀಯೋ ಎಂದು ಯಾರೂ ಕೇಳುವುದಿಲ್ಲ. ಉಂಡವನು ಕೈತೊಳೆದು ತನ್ನ ದಾರಿ ಹಿಡಿಯುತ್ತಾನೆ.